ಹಸಿ ಗೋಡೆಯ ಮೇಲೆ ಅರಿಶಿನ

ತಪ್ಪು ಮಾಡಿದವರಿಗೆ ಅದು ತಪ್ಪೆಂದು ತಿಳಿಯಲು ಎಷ್ಟು ಹೊತ್ತು ಬೇಕು? ಕೆಲವರಿಗೆ ಜನ್ಮವೇ ಸಾಲದು. ರಮಾಮಣಿಗೆ ಮಾತ್ರ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಚಿತ್ರದ ಮೇರಿಯಮ್ಮನ ಹೆಬ್ಬೆರಳಿಗೆ ಅರಿಶಿನ ತಾಗಿತು, ತಾಗಿದ ಜಾಗ ಕೆಂಪಗಾಯಿತು, ರಮಾಮಣಿಗೆ ತಿಳಿದುಹೋಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ರಕ್ತದ ಬಣ್ಣ ಬರುತ್ತದೆ ಎನ್ನುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಮದುವೆ ಮನೆಯಲ್ಲಿ ಆರತಿ ತಟ್ಟೆಗೆ ಓಕುಳಿ ಕದಡುವಾಗ ಪಕ್ಕದಲ್ಲಿ ನಿಂತ ಮಗುವಿಗೂ ಗೊತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದು, ನೂರಾರು ಆರತಿ ಎತ್ತಿ, ಐವತ್ತಾರು ವರ್ಷ ಬಾಳಿದ ರಮಾಮಣಿ ಅದನ್ನೆಲ್ಲ ಮರೆತು ಹಸಿ ಸುಣ್ಣದ ಗೋಡೆಗೆ ಅರಿಶಿನ ಹಚ್ಚಿದ್ದಳು. ಅದೂ ಮನೆಯ ಗೋಡೆಯಲ್ಲ. ಮಾರಿಸ್‌ಟೌನ್‌ನ ಒಂದು ಹಳೆಯ ಚರ್ಚಿನ, ದೇವರ ಪೀಠದ ಹಿಂದಿನ ಗೋಡೆ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಆ ಗೋಡೆಯ ಮೇಲೆ ಚಿತ್ರ ಬರೆದವಳಿಂದ ಶುರು ಮಾಡಬೇಕು.

ಎಲ್ಫ್ರೀಡ ಕ್ರಾಮರ್ ಜೆರ್ಸಿಯ ಸಮರ್‌ಸೆಟ್‌ನಲ್ಲಿ ರಮಾಮಣಿಯ ಪಕ್ಕದ ಮನೆಯಾಕೆ. ಎಂಬತ್ತು ಮುಟ್ಟುತ್ತಿದ್ದ ಮುದುಕಿ, ಒಂಟಿ ಜೀವ, ಬಾಯಿ ಬಿಟ್ಟರೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಜರ್ಮನಿಯಲ್ಲಿ ಹುಟ್ಟಿ, ಏಳು ವರ್ಷದವಳಿದ್ದಾಗ ವಿಧವೆ ತಾಯಿಯ ಕೈ ಹಿಡಿದು ಹಡಗಿನಲ್ಲಿ ಬಂದಿಳಿದವಳು. ತಾಯಿ ನ್ಯೂಆರ್ಕಿನ ಲಾಂಡ್ರಿಯೊಂದರಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕಿ ಮಗಳನ್ನು ಓದಿಸಿದಳು. ಮಗಳು ಓದಿ ಟೀಚರಾಗಲಿ ಎಂದು ತಾಯಿಯ ಆಸೆ. ಮಗಳು ಚರ್ಚುಗಳ ಗೋಡೆ ಹತ್ತಿದಳು. ಕೆಲಸ ಕೇಳಿಕೊಂಡು ಹೋದಾಗ ಪಾದ್ರಿಗಳು, "ಚಿತ್ರ ಬರೆಯುವವನು ಎಲ್ಲಿ?" ಎಂದು ಅವಳ ಬೆನ್ನ ಹಿಂದೆ ಗಂಡಸನ್ನು ಹುಡುಕುತ್ತಿದ್ದರಂತೆ. ಅಂಥವರ ಮುಂದೆಯೇ ಪ್ಯಾಂಟು ಮಡಚಿ ಅಟ್ಟಣಿಗೆ ಏರಿ, ಜೆರ್ಸಿಯಲ್ಲಿ, ಬ್ರೂಕ್ಲಿನ್‌ನಲ್ಲಿ, ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರುಗಳಲ್ಲಿ ಐವತ್ತು ವರ್ಷ ಸಂತರನ್ನೂ ದೇವದೂತರನ್ನೂ ಬರೆದಳು. ಈಗ ಆ ಗೋಡೆಗಳಲ್ಲಿ ಅರ್ಧದಷ್ಟು ಇಲ್ಲ. ಜನ ಬರುವುದು ನಿಂತಿತು, ಚರ್ಚುಗಳನ್ನು ಮಾರಿದರು. ಒಂದು ಕಡೆ ಜಿಮ್ ಆಗಿದೆ, ಇನ್ನೊಂದು ಕಡೆ ಅಪಾರ್ಟ್‌ಮೆಂಟು. "ನನ್ನ ಸೇಂಟ್ ಜೋಸೆಫನ ಮೂಗಿನ ಮೇಲೆ ಯಾರದೋ ಬಾತ್‌ರೂಮಿನ ಕನ್ನಡಿ ಇದೆ," ಎಂದು ಅವಳೇ ಹೇಳಿ ನಗುತ್ತಿದ್ದಳು. ಆ ನಗು ರಮಾಮಣಿಗೆ ನೋಡಲಾಗುತ್ತಿರಲಿಲ್ಲ.

ಮಾರಿಸ್‌ಟೌನ್‌ನ ಈ ಚರ್ಚು ಎಲ್ಫ್ರೀಡ ಮದುವೆಯಾದ ಜಾಗ. ಇಲ್ಲಿ ಚಿತ್ರ ಬರೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. "ಸಾಯುವುದರೊಳಗೆ ಒಂದು ಗೋಡೆ ನನ್ನ ಖುಷಿಗೆ," ಎಂದು ತಾನೇ ಹಟ ಹಿಡಿದು ಫಾದರ್ ಕಾಲಿನ್ಸರ ಒಪ್ಪಿಗೆ ಪಡೆದಿದ್ದಳು. ಅಷ್ಟರಲ್ಲಿ ಕಣ್ಣು ಮಂಜಾಗಿ ಅವಳ ಲೈಸೆನ್ಸು ಹೋಯಿತು. ರಮಾಮಣಿಗೆ ಆಫೀಸಿನ ಕೆಲಸ ಹೋಗಿತ್ತು. ಮಗಳು ಧೃತಿ ಕೆಲಸ ಸಿಕ್ಕಿ ಜೆರ್ಸಿ ಸಿಟಿಗೆ ಹೋಗಿದ್ದಳು, ಗಂಡ ಆಫೀಸಿಗೆ ಹೋದರೆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. "ನಾನು ಡ್ರೈವ್ ಮಾಡ್ತೀನಿ, ಬನ್ನಿ," ಎಂದಳು ರಮಾಮಣಿ. ಹೀಗೆ ವಸಂತದಿಂದ ಶ್ರಾವಣದ ತನಕ ಇಬ್ಬರೂ ದಿನಾ ಎರಡು ಎಂಟು ಏಳು ಹೈವೇ ಹಿಡಿದು ಹೋಗಿ ಬಂದರು. ರಮಾಮಣಿ ನೀರು ಹೊರುತ್ತಿದ್ದಳು, ಬಣ್ಣದ ಬಟ್ಟಲು ತೊಳೆಯುತ್ತಿದ್ದಳು, ಪುಳಿಯೋಗರೆ ತಂದು ಎಲ್ಫ್ರೀಡಳಿಗೂ ತಿನ್ನಿಸುತ್ತಿದ್ದಳು. ಎಲ್ಫ್ರೀಡ ಬೈಯುತ್ತಿದ್ದಳು. ಇಂಗ್ಲಿಷಿನಲ್ಲಿ ಶುರುವಾದ ಬೈಗುಳ ಜರ್ಮನ್ನಿಗೆ ತಿರುಗಿತೆಂದರೆ ನಿಜವಾಗಿಯೂ ಕೋಪ ಬಂದಿದೆ ಎಂದು ಅರ್ಥ.

ಅವಳದು ಹಸಿ ಗೋಡೆಯ ಕೆಲಸ. ಬೆಳಿಗ್ಗೆ ಗಾರೆಯವನು ಬಂದು ಆವತ್ತಿಗೆ ಬೇಕಾದಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆ ಮೆತ್ತಿ ಹೋಗುತ್ತಿದ್ದ. ಅದು ಒಣಗುವುದರೊಳಗೆ ನೀರಿನಲ್ಲಿ ಕಲಸಿದ ಮಣ್ಣಿನ ಬಣ್ಣ ಹಚ್ಚಿ ಮುಗಿಸಬೇಕು. ಗೋಡೆ ಬಣ್ಣ ಕುಡಿದುಬಿಡುತ್ತದೆ. ಆಮೇಲೆ ತಿದ್ದುವ ಹಾಗಿಲ್ಲ. ತಪ್ಪಾದರೆ ಆ ಭಾಗವನ್ನು ಉಳಿಯಿಂದ ಕೆತ್ತಿ ಹಾಕಿ ಹೊಸದಾಗಿ ಗಾರೆ ಹಾಕಬೇಕು. ಮೇಲಿನಿಂದ ಕೆಳಕ್ಕೆ ಬರುವ ಕೆಲಸವಾದ್ದರಿಂದ ಆಕಾಶ ಮೊದಲು, ಪಾದ ಕೊನೆಗೆ. "ನನ್ನ ಹಸಿ ಗೋಡೆ ಮುಟ್ಟಿದವರ ಬೆರಳು ಮುರೀತೀನಿ," ಎಂದು ಮೊದಲ ದಿನವೇ ರಮಾಮಣಿಗೆ ಹೇಳಿದ್ದಳು. ಹಿಂದೆ ಒಬ್ಬ ಸಹಾಯಕನನ್ನು ಅದೇ ತಪ್ಪಿಗೆ ಓಡಿಸಿಯೂ ಇದ್ದಳು.

ಆವತ್ತು ಶ್ರಾವಣ ಶುಕ್ರವಾರ. ರಮಾಮಣಿ ಪೂಜೆ ಮುಗಿಸಿ, ಹೊಸ ಸೀರೆಯಲ್ಲೇ ಗಾಡಿ ಹತ್ತಿದ್ದಳು. ಸಂಜೆ ಮನ್ರೋದಲ್ಲಿ ತ್ರಿಪುರಸುಂದರಿ ಆಂಟಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗುವುದಿತ್ತು. ಬ್ಯಾಗಿನಲ್ಲಿ ಅರಿಶಿನದ ಭರಣಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಫ್ರೀಡ ಮೇರಿಯಮ್ಮನ ಪಾದ ಮುಗಿಸಿ, ಕುಂಚ ಕೆಳಗಿಟ್ಟು, ನಡುಗುವ ಕೈಗಳನ್ನು ಒಂದಕ್ಕೊಂದು ಉಜ್ಜಿಕೊಂಡು, "ಮುಗೀತು," ಎಂದು ಕೈ ತೊಳೆಯಲು ಒಳಗೆ ಹೋದಳು.

ರಮಾಮಣಿ ಪಾದ ನೋಡಿದಳು. ಚರ್ಚಿನ ಚಿತ್ರಗಳಲ್ಲಿ ಇರುವಂಥ ಬೆಣ್ಣೆಯ ಪಾದವಲ್ಲ ಅದು. ದಿನವಿಡೀ ನಿಂತ ಹೆಂಗಸಿನ ಪಾದ. ಊದಿದ ಹರಡು, ಬಿರಿದ ಹಿಮ್ಮಡಿ, ಪಕ್ಕಕ್ಕೆ ವಾಲಿದ ಹೆಬ್ಬೆರಳು. ಅವಳಿಗೆ ಏನಾಯಿತೋ! ಬಿರಿದ ಹಿಮ್ಮಡಿ ನೋಡಿದ್ದಕ್ಕೋ, ಶುಕ್ರವಾರ ಅನ್ನುವುದಕ್ಕೋ, ಕೈ ತಾನಾಗಿ ಭರಣಿಗೆ ಹೋಯಿತು. ಶುಕ್ರವಾರ ಮುತ್ತೈದೆಯ ಪಾದಕ್ಕೆ ಅರಿಶಿನ ಹಚ್ಚಬೇಕು. ಅಮ್ಮನಿಗೆ ಹಚ್ಚಿದ್ದಳು, ಅತ್ತೆಗೆ ಹಚ್ಚಿದ್ದಳು. ಅಂಗೈಯಲ್ಲಿ ನಾಲ್ಕು ಹನಿ ನೀರು ಹಾಕಿ ಕಲಸಿ, ಬಗ್ಗಿ, ಎರಡೂ ಪಾದಕ್ಕೆ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕಣ್ಣು ಬಿಟ್ಟಾಗ ಪಾದ ಕೆಂಪಾಗಿತ್ತು. ಅಯ್ಯೋ ದೇವರೇ ಎಂದು ಒದ್ದೆ ಕರವಸ್ತ್ರದಿಂದ ಒರೆಸಿದಳು. ಒರೆಸಿದಷ್ಟೂ ಹರಡಿತು. ಬೆರಳ ಸಂದಿಯಿಂದ ಎರಡು ಕೆಂಪು ಗೆರೆ ಕೆಳಕ್ಕೆ ಹರಿದು, ಬಿಳಿ ಗಾರೆಯ ಮೇಲೆ ನಿಂತವು. ಅಷ್ಟರಲ್ಲಿ ಒಳಗಿನಿಂದ ಬಾಗಿಲ ಸದ್ದಾಯಿತು.

ಹೇಳಿಬಿಡಬೇಕಿತ್ತು. ಅಲ್ಲೇ, ಆಗಲೇ, ಕಾಲಿಗೆ ಬಿದ್ದಾದರೂ ಹೇಳಿಬಿಡಬೇಕಿತ್ತು. ಗಾರೆ ಇನ್ನೂ ಹಸಿ, ಕೆತ್ತಿ ಹಾಕಿ ನಾಳೆ ಮತ್ತೆ ಬರೆಯಬಹುದಿತ್ತು. ಆದರೆ ಎಲ್ಫ್ರೀಡಳ ಮಂಜುಗಣ್ಣಿಗೆ ಸಂಜೆಯ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಕಾರಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಳ್ಳುತ್ತ ಹೇಳಿದಳು: "ರಮಾ, ಅವು ನಮ್ಮಮ್ಮನ ಪಾದ. ಲಾಂಡ್ರಿಯಿಂದ ಬಂದು ಬಕೆಟ್ಟಿನ ನೀರಲ್ಲಿ ಇಳಿಬಿಡ್ತಿದ್ದಳಲ್ಲ, ಆ ಪಾದ. ನಾನು ಬರೆದದ್ದರಲ್ಲೆಲ್ಲ ಒಳ್ಳೇದು ಅವೇ. ಇನ್ನು ನನ್ನ ಕೈಲಿ ಆಗೋಲ್ಲ." ಅಂದು ಕಿಟಕಿಗೆ ತಲೆ ಆನಿಸಿ ಮಗುವಿನ ಹಾಗೆ ನಿದ್ದೆ ಹೋದಳು. ಇನ್ನು ಬಾಯಿ ಬಿಡುವುದು ಹೇಗೆ? ರಮಾಮಣಿ ಅವಳನ್ನು ಮನೆಗೆ ಬಿಟ್ಟು ಬಂದಳು. ತ್ರಿಪುರಸುಂದರಿ ಆಂಟಿಯ ಮನೆಗೆ ತಲೆನೋವು ಎಂದು ಮೆಸೇಜು ಹಾಕಿ ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ಪೂಜೆಗೆ ಬಂದ ಹತ್ತಿಪ್ಪತ್ತು ಮುದುಕರಲ್ಲಿ ಒಬ್ಬಾಕೆ ಪೀಠದ ಹತ್ತಿರ ಹೋದವಳು ಕಿಟಾರನೆ ಕಿರುಚಿ ಮೊಣಕಾಲೂರಿದಳಂತೆ. ಮೇರಿಮಾತೆಯ ಪಾದದಲ್ಲಿ ರಕ್ತ! ಮಧ್ಯಾಹ್ನದೊಳಗೆ ಯಾರೋ ವಿಡಿಯೊ ಹಾಕಿದರು. ಸಂಜೆಗೆ ಜೆರ್ಸಿ ಸಿಟಿಯಿಂದ ಧೃತಿ ಫೋನು ಮಾಡಿದಳು. "ಅಮ್ಮಾ, ಇಸಂಟ್ ದಿಸ್ ಎಲ್ಫೀಸ್ ಚರ್ಚ್? ಓ ಮೈ ಗಾಡ್, ಇಟ್ಸ್ ಎವ್ರಿವೇರ್!"

"ಹೂಂ ಕಣೇ, ಅದೇ," ಎಂದಳು ರಮಾಮಣಿ.

ಸೋಮವಾರ ಹೋಗಿ ನೋಡಿದರೆ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ವರ್ಷಗಳಿಂದ ಖಾಲಿ ಬೆಂಚು ಎಣಿಸುತ್ತಿದ್ದ ಫಾದರ್ ಕಾಲಿನ್ಸ್ ಕಕ್ಕಾಬಿಕ್ಕಿಯಾಗಿ ಬಾಗಿಲಲ್ಲಿ ನಿಂತಿದ್ದರು. ಈ ಚರ್ಚನ್ನು ಮುಚ್ಚಬೇಕೋ ಬೇಡವೋ ಎಂದು ಬಿಷಪ್ಪರ ಕಚೇರಿ ಯೋಚಿಸುತ್ತಿದ್ದ ಹೊತ್ತು ಅದು. ಎಲ್ಫ್ರೀಡ ಜನರನ್ನು ಮೊಣಕೈಯಿಂದ ಸರಿಸಿ ಮುಂದೆ ಹೋಗಿ, ಭೂತಗನ್ನಡಿ ಹಿಡಿದು ಪಾದವನ್ನು ಬಹಳ ಹೊತ್ತು ನೋಡಿದಳು. ಮೂಸಿದಳು. ಗೋಡೆಗೆ ಕೆನ್ನೆ ಇಟ್ಟು ಓರೆಯಾಗಿ ನೋಡಿದಳು. ಆಮೇಲೆ ರಮಾಮಣಿಯ ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋದಳು.

"ಇದು ನನ್ನ ಕೆಂಪಲ್ಲ. ನನ್ನ ಹತ್ತಿರ ಇರೋದು ಮಣ್ಣಿನ ಕೆಂಪು, ಇಟ್ಟಿಗೆ ಬಣ್ಣ. ಇಂಥ ಕೆಂಪು ನಾನು ಯಾವ ಗೋಡೆ ಮೇಲೂ ನೋಡಿಲ್ಲ. ಆವತ್ತು ಇದ್ದದ್ದು ನೀನು, ನಾನು, ಇಬ್ಬರೇ. ರಮಾ, ನಿನಗೇನಾದರೂ ಗೊತ್ತಾ?"

ರಮಾಮಣಿ ಅವಳ ಮುಖ ನೋಡಿದಳು. "ಇಲ್ಲ," ಎಂದಳು.

ಅರಿಶಿನ ಹಚ್ಚಿದ್ದು ಮರೆವು. ಈ 'ಇಲ್ಲ' ಮರೆವಲ್ಲ. ಇದನ್ನು ಬೆಳಕಿನಲ್ಲಿ, ಎಚ್ಚರದಲ್ಲಿ, ನಂಬಿದವಳ ಕಣ್ಣಿಗೆ ಕಣ್ಣಿಟ್ಟು ಹೇಳಿದ್ದಳು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಮನೆಗೆ ಬರುವ ದಾರಿಯಲ್ಲಿ ಎಲ್ಫ್ರೀಡ, ಯಾವತ್ತೂ ಸ್ವಂತದ್ದು ಮಾತಾಡದವಳು, ಮಾತಾಡಿದಳು. ಅವಳಿಗೆ ಒಬ್ಬ ಮಗನಿದ್ದ. ಆರು ವರ್ಷದವನಾಗಿದ್ದಾಗ ರಕ್ತದ ಕ್ಯಾನ್ಸರಿನಿಂದ ಹೋದ. ಅವನು ಹೋದ ರಾತ್ರಿಯಿಂದ ಅವಳು ಪ್ರಾರ್ಥನೆ ಬಿಟ್ಟಳು. ಕೆಲಸ ಬಿಡಲಿಲ್ಲ. ಊರೂರು ಸುತ್ತಿ ತಾಯಿ-ಮಗುವಿನ ಚಿತ್ರ ಬರೆದಳು, ಜನ ಅದರ ಮುಂದೆ ಮೊಣಕಾಲೂರಿದರು, ಅವಳು ಮಾತ್ರ ಒಂದು ದಿನವೂ ಊರಲಿಲ್ಲ. "ಸುಳ್ಳು ಬರೀತಿದೀನಿ ಅನ್ನಿಸೋದು. ಐವತ್ತು ವರ್ಷ ಹಾಗೇ ಅನ್ನಿಸಿತು. ನಿನ್ನೆ ರಾತ್ರಿ ಫೋನಲ್ಲಿ ಆ ವಿಡಿಯೊ ನೋಡಿ ನೆಲದ ಮೇಲೆ ಕೂತೆ. ಏಳೋಕಾಗದೆ ಮಂಚ ಹಿಡ್ಕೊಂಡು ಎದ್ದೆ. ನಗಬೇಡ." ರಮಾಮಣಿ ನಗಲಿಲ್ಲ. "ಯಾರೋ ನನಗೆ ಉತ್ತರ ಕೊಟ್ಟಿದಾರೆ, ರಮಾ. ಅದೂ ನಮ್ಮಮ್ಮನ ಪಾದದಲ್ಲಿ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಮುದುಕಿಗೆ ಐವತ್ತು ವರ್ಷಕ್ಕೆ ಮರಳಿ ಬಂದ ದೇವರನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಆ ದೇವರು ರಮಾಮಣಿಯ ಭರಣಿಯಿಂದ ಬಂದವನು.

ಗಂಡ ಪ್ರಾಣೇಶನಿಗೆ ಹೇಳಿದಳು. ಧಾರವಾಡದ ಮನುಷ್ಯ, ಮಾರಿಸ್‌ಟೌನಿನಲ್ಲೇ ಆಫೀಸು, ಮುಂಜಾನೆ ಚಹಾ ಕುಡಿಯುತ್ತಿದ್ದವನು ಕಪ್ಪು ಕೆಳಗಿಟ್ಟ.

"ಖರೇನ? ನೀ ಹಚ್ಚೀಯಾ?"

"ಹೂಂ."

"ನಿಮ್ಮ ಮೈಸೂರವರಿಗೆ ಕಂಡ ಕಂಡಲ್ಲೆ ಅರಿಶಿಣ ಹಚ್ಚೂ ಚಟ ನೋಡು! ಫ್ರಿಜ್ಜಿಗೆ ಹಚ್ಚಿದ್ದಿ, ಕಾರಿಗೆ ಹಚ್ಚಿದ್ದಿ, ಇದೊಂದು ಉಳದಿತ್ತು." ಮೊದಲು ನಕ್ಕ. ಆಮೇಲೆ ನಗು ನಿಂತಿತು. "ಕೇಳಿಲ್ಲೆ. ಬಾಯಿ ಬಿಡಬ್ಯಾಡ. ಹಿಂದೂ ಹೆಂಗಸು ಬಂದು ಚರ್ಚಿನ ಗ್ವಾಡಿ ಕೆಡಿಸ್ಯಾಳ ಅಂತ ನಾಳೆ ನಿನ್ನ ಫೋಟೊ ಹಾಕ್ತಾರ. ಧೃತಿ ಹೆಸರೂ ಬರತದ. ಸುಮ್ಮಕಿರು, ತಾನ ತಣ್ಣಗಾಗತದ."

"ಅವರು ನನ್ನ ನಂಬಿದಾರೆ ಕಣ್ರೀ."

"ನಂಬಲಿ ಬಿಡು. ನಂಬಿದವರಿಗೆ ನೀ ಏನು ವಿಷಾ ಹಾಕೀಯೇನು?"

ತಣ್ಣಗಾಗಲಿಲ್ಲ. ವಾರಾಂತ್ಯಕ್ಕೆ ಬಸ್ಸು ಮಾಡಿಕೊಂಡು ಬಂದರು. ವ್ಹೀಲ್‌ಚೇರಿನಲ್ಲಿ ಮಕ್ಕಳನ್ನು ತಂದರು. ಮೇಣದ ಬತ್ತಿಯ ಹೊಗೆ ಮೇರಿಯಮ್ಮನ ಸೆರಗಿಗೆ ಹತ್ತಿತು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಎಲ್ಫ್ರೀಡ ಬೇಸಿಗೆಯಿಡೀ ಕತ್ತು ನೋಯಿಸಿಕೊಂಡು ಬರೆದ ಆಕಾಶವನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕೆಂಪಿನ ಮೇಲೆ. ಹಗ್ಗ ಕಟ್ಟಿದರೂ ದಾಟಿ ಹೋಗಿ ಪಾದ ಉಜ್ಜಿದರು, ಯಾರೋ ಉಗುರಿನಿಂದ ಒಂದು ಚಕ್ಕೆ ಕಿತ್ತುಕೊಂಡು ಹೋದರು. ಎಲ್ಫ್ರೀಡ ಅದನ್ನೂ ಸಹಿಸಿಕೊಂಡಳು. ಗೋಡೆ ಮುಟ್ಟಿದವರ ಬೆರಳು ಮುರಿಯುತ್ತೇನೆ ಎಂದವಳು ಈಗ ಮುಂದಿನ ಬೆಂಚಿನಲ್ಲಿ ಕುಳಿತು ತುಟಿ ಅಲ್ಲಾಡಿಸುತ್ತಿದ್ದಳು. ಬೈಯುವುದನ್ನೇ ಬಿಟ್ಟಳು. ರಮಾಮಣಿಗೆ ಅದಕ್ಕಿಂತ ಭಯವಾದದ್ದು ಬೇರೆ ಇಲ್ಲ.

ಒಂದು ಶನಿವಾರ ಮನ್ರೋದಿಂದ ತ್ರಿಪುರಸುಂದರಿ ಆಂಟಿಯೂ ನಾಲ್ಕು ಜನ ಹೆಂಗಸರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದಿಳಿದರು. ಎಲ್ಲ ದೇವರೂ ಒಂದೇ ಎನ್ನುವ ಪೈಕಿ ಅವರು. ಕೈಮುಗಿದರು, ಕನ್ನಡಕ ಏರಿಸಿದರು, ಬಗ್ಗಿದರು.

"ಅಲ್ವೇ ರಮಾಮಣಿ, ಇದು ಓಕುಳಿ ಬಣ್ಣ ಇದ್ದ ಹಾಗಿದೆಯಲ್ಲೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಮಾಮಣಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಏನೋಪ್ಪ, ನಂಗೆ ಗೊತ್ತಿಲ್ಲ," ಎಂದಳು. ಆಂಟಿ ಅವಳನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ, "ಹೂಂ," ಎಂದು ಎಳೆದು, ಇನ್ನೇನೂ ಕೇಳದೆ ಹೊರಟುಹೋದರು. ಆದರೆ ಆಂಟಿ ಹೋದ ಮೇಲೆ ತಾನೂ ಬಗ್ಗಿ ನೋಡಿದಾಗ ರಮಾಮಣಿಗೆ ಒಂದು ಕಂಡಿತು. ಗಾರೆ ಒಣಗುತ್ತಿತ್ತು. ಸುಣ್ಣದ ಕಾವು ಇಳಿದಂತೆ ಕೆಂಪಿನ ಅಂಚು ಹಳದಿಗೆ ತಿರುಗುತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಮೇರಿಯಮ್ಮನ ಪಾದದ ಮೇಲೆ ಎಲ್ಲರಿಗೂ ಕಾಣುವಂತೆ ಇರುವುದು ಬರೀ ಅರಿಶಿನ.

ಆ ಭಾನುವಾರವೇ ಫಾದರ್ ಕಾಲಿನ್ಸ್ ಸುದ್ದಿ ಹೇಳಿದರು. ಬಿಷಪ್ಪರ ಕಚೇರಿಯಿಂದ ಇಬ್ಬರು ಬುಧವಾರ ಬರುತ್ತಾರೆ, ಕೆಂಪನ್ನು ಕೆರೆದು ಲ್ಯಾಬಿಗೆ ಕಳಿಸುತ್ತಾರೆ. ಅದಕ್ಕೆ ಮುಂಚೆ ಎಲ್ಫ್ರೀಡ ಬೈಬಲಿನ ಮೇಲೆ ಕೈಯಿಟ್ಟು ಹೇಳಬೇಕು, ಮನುಷ್ಯರ ಕೈ ಈ ಗೋಡೆಗೆ ತಾಗಿಲ್ಲ ಎಂದು.

"ಹೇಳ್ತೀನಿ," ಎಂದಳು ಎಲ್ಫ್ರೀಡ. "ನಾನಿದ್ದೆ. ರಮಾ ಇದ್ದಳು. ರಮಾನ ಮೇಲೆ ನಾನು ಪ್ರಮಾಣ ಮಾಡಬಲ್ಲೆ."

ರಮಾಮಣಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಲ್ಯಾಬಿನವರು ಅಡುಗೆಮನೆಯ ಅರಿಶಿನ ಎನ್ನುತ್ತಾರೆ. ಅಪವಾದ ಯಾರಿಗೆ? ಸುಳ್ಳು ಪ್ರಮಾಣ ಮಾಡಿದ ಮುದುಕಿಗೆ. ಚರ್ಚು ಉಳಿಸಲು, ತನ್ನ ಗೋಡೆ ಉಳಿಸಲು ಮೋಸದ ರಕ್ತ ಹಚ್ಚಿದವಳು ಎಂದು ಪೇಪರಿನಲ್ಲಿ ಬರುತ್ತದೆ. ಐವತ್ತು ವರ್ಷದ ಕೆಲಸಕ್ಕೆ ಕೊನೆಗೆ ಉಳಿಯುವ ಹೆಸರು ಅದು. "ತಾನ ತಣ್ಣಗಾಗತದ" ಎಂದ ಗಂಡನ ಮೇಲೆ ಕೋಪ ಬಂತು, ತನ್ನ ಮೇಲೆ ಅಸಹ್ಯ ಬಂತು. ಆದರೂ ಸೋಮವಾರ ಹೇಳಲಿಲ್ಲ, ಮಂಗಳವಾರ ಹೇಳಲಿಲ್ಲ. ಹೇಡಿತನಕ್ಕೆ ಒಂದೊಂದು ದಿನವೂ ಒಂದೊಂದು ನೆಪ ಸಿಗುತ್ತದೆ.

ಬುಧವಾರ ಬೆಳಿಗ್ಗೆ ಎಲ್ಫ್ರೀಡ ಒಳ್ಳೆಯ ನೀಲಿ ಫ್ರಾಕು ಹಾಕಿಕೊಂಡು, ಕೂದಲಿಗೆ ಪಿನ್ನು ಚುಚ್ಚಿಕೊಂಡು ಗಾಡಿ ಹತ್ತಿದಳು. ಅವರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಜನರನ್ನು ಆವತ್ತು ಒಳಗೆ ಬಿಟ್ಟಿರಲಿಲ್ಲ. ಚರ್ಚಿನಲ್ಲಿ ಇಬ್ಬರೇ. ಎಲ್ಫ್ರೀಡ ಗೋಡೆಯ ಮುಂದೆ ಬೆಂಚು ಹಿಡಿದು ಮೆಲ್ಲಗೆ ಮೊಣಕಾಲೂರಲು ಹೊರಟಳು. ಅದನ್ನು ನೋಡಲಾಗಲಿಲ್ಲ ರಮಾಮಣಿಗೆ.

"ಬೇಡಿ, ಎಲ್ಫ್ರೀಡ. ಏಳಿ. ಅದು ರಕ್ತ ಅಲ್ಲ. ನಾನು ಹಚ್ಚಿದ ಅರಿಶಿನ."

ಎಲ್ಫ್ರೀಡ ಅರ್ಧ ಬಗ್ಗಿದ ಹಾಗೆಯೇ ನಿಂತಳು.

ರಮಾಮಣಿ ಎಲ್ಲ ಹೇಳಿದಳು. ಬ್ಯಾಗಿನಿಂದ ಭರಣಿ ತೆಗೆದಳು. ಪೀಠದ ಪಕ್ಕದಲ್ಲಿ ಇನ್ನೂ ಬಿದ್ದಿದ್ದ ಗಾರೆಯವನ ಬಕೆಟ್ಟಿನ ತಳದಿಂದ, ನೀರಿನಡಿ ಹಸಿಯಾಗಿಯೇ ಇದ್ದ ಸುಣ್ಣ ಬೆರಳಿಗೆ ತೆಗೆದುಕೊಂಡು ಅಂಗೈಯಲ್ಲಿ ಅರಿಶಿನದ ಜೊತೆ ತಿಕ್ಕಿ, ಕೈ ಮುಂದೆ ಚಾಚಿದಳು. ಅಂಗೈ ಕೆಂಪಾಯಿತು. ಎಲ್ಫ್ರೀಡ ಆ ಕೈಯನ್ನು ಹಿಡಿದು ಮೂಗಿನ ಹತ್ತಿರ ತಂದುಕೊಂಡು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಕೈ ಬಿಟ್ಟಳು.

"ನಾನು ಕೇಳಿದೆ. ಬಾಯಿ ಬಿಟ್ಟು ಕೇಳಿದೆ. ನೀನು ಇಲ್ಲ ಅಂದೆ."

"ತಪ್ಪಾಯ್ತು."

"ಇಷ್ಟು ದಿನ ನಾನು ಪ್ರಾರ್ಥನೆ ಮಾಡಿದೆ. ಮಗನ ಹೆಸರು ಹೇಳಿ ಮಾಡಿದೆ. ಆ ಹೆಸರು ನಾನು ಬಾಯಲ್ಲಿ ತೆಗೆದು ಎಷ್ಟು ವರ್ಷ ಆಗಿತ್ತು ಗೊತ್ತಾ ನಿನಗೆ? ಯಾತಕ್ಕೆ ಮಾಡಿದೆ ನಾನು? ನಿನ್ನ ಸಾಂಬಾರಿನ ಪುಡಿಗಾ?" ಮಾತು ಜರ್ಮನ್ನಿಗೆ ತಿರುಗಿತು. ಕಲ್ಲಿನ ಚಾವಣಿಯವರೆಗೂ ಏರಿತು. ರಮಾಮಣಿಗೆ ಒಂದು ಪದವೂ ಅರ್ಥವಾಗಲಿಲ್ಲ. ಅರ್ಥವಾಗಬೇಕಾದ್ದೂ ಇರಲಿಲ್ಲ. ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿಸಿಕೊಂಡಳು.

ಕೂಗಿ ಸುಸ್ತಾದ ಮೇಲೆ ಎಲ್ಫ್ರೀಡ ತನ್ನ ಸಾಮಾನಿನ ಚೀಲಕ್ಕೆ ಕೈ ಹಾಕಿ ಉಳಿ, ಸುತ್ತಿಗೆ ಎರಡನ್ನೂ ತೆಗೆದಳು. ಉಳಿಯನ್ನು ಗೋಡೆಗೆ ಇಡಲು ಹೋದಳು. ಕೈ ನಡುಗಿ ಉಳಿ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ರಮಾಮಣಿಯ ಕೈಗೆ ತುರುಕಿದಳು.

"ನೀನೇ ಒಡಿ. ಅವರು ಬಂದು ಕೆರೆಯೋದು ಬೇಡ. ನೀನು ಹಚ್ಚಿದೆ, ನೀನೇ ಕೆತ್ತಿ ಹಾಕು."

"ಬೇಡಿ. ಅದು ತಾನಾಗಿ ಹೋಗುತ್ತೆ. ಬೆಳಕಿಗೆ ಅರಿಶಿನ ನಿಲ್ಲೋಲ್ಲ. ನಿಮ್ಮ ಪಾದ ನಿಮಗೆ ಉಳಿಯುತ್ತೆ."

"ಒಡಿ ಅಂದೆ!"

ರಮಾಮಣಿ ಉಳಿಯನ್ನು ಹೆಬ್ಬೆರಳ ಹತ್ತಿರ ಇಟ್ಟಳು. ಸುತ್ತಿಗೆ ಎತ್ತಿದಳು. ಪಕ್ಕಕ್ಕೆ ವಾಲಿದ ಹೆಬ್ಬೆರಳು, ಊದಿದ ಹರಡು, ಬಿರಿದ ಹಿಮ್ಮಡಿ. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಇಳಿಸಲು ಆಗಲಿಲ್ಲ. ಉಳಿ ನೆಲಕ್ಕೆ ಬಿದ್ದು ಚರ್ಚೆಲ್ಲ ಠಣ್ಣೆಂದಿತು.

"ನನ್ನ ಕೈಲಾಗೋಲ್ಲ," ಎಂದು ಗೋಡೆಯ ಬುಡದಲ್ಲಿ ಕುಸಿದು ಕುಳಿತಳು. ಅಳು ಒತ್ತರಿಸಿ ಬಂತು.

"ಯಾಕೆ ಆಗಲ್ಲ? ಅದು ಏನು ಅಂತ ಈ ಊರಲ್ಲಿ ಗೊತ್ತಿರೋಳು ನೀನೊಬ್ಬಳೇ! ಪುಡಿ, ಸುಣ್ಣ, ಅಷ್ಟೇ ಅಲ್ವಾ?"

"ಪುಡಿ ಅಂತ ನಂಗೆ ಗೊತ್ತ್ರೀ. ಆದ್ರೆ ಅದು ಅಮ್ಮನ ಪಾದ. ಪಾದಕ್ಕೆ ಉಳಿ ಇಡ್ತಾರೇನ್ರೀ? ಆವತ್ತೂ ಹೀಗೇ ಆಯ್ತು. ಬಿರಿದ ಹಿಮ್ಮಡಿ ನೋಡಿದೆ, ಗೋಡೆ ಅನ್ನೋದೇ ಮರೆತುಹೋಯ್ತು. ಗೋಡೆ ಅಂತ ಜ್ಞಾಪಕ ಇದ್ದಿದ್ರೆ ಅರಿಶಿನ ಯಾಕೆ ಹಚ್ತಿದ್ದೆ?"

ಎಲ್ಫ್ರೀಡ ಮುಂದಿನ ಬೆಂಚಿನ ತುದಿಯಲ್ಲಿ ಕುಳಿತಳು. ಅಳುತ್ತಿದ್ದವಳನ್ನು ನೋಡಿದಳು, ಗೋಡೆಯ ಮೇಲಿನ ಪಾದವನ್ನು ನೋಡಿದಳು. ಮುಖದಲ್ಲಿ ಕೋಪ ಹಾಗೇ ಇತ್ತು. ಸಮಾಧಾನ ಮಾಡುವ ಜಾತಿಯವಳೂ ಅವಳಲ್ಲ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು, ಫಾದರ್ ಕಾಲಿನ್ಸರ ಜೊತೆ ಕಪ್ಪು ಕೋಟಿನ ಇಬ್ಬರು ಒಳಗೆ ಬಂದರು. ಒಬ್ಬನ ಕೈಯಲ್ಲಿ ಬೈಬಲ್ಲು, ಇನ್ನೊಬ್ಬನ ಕೈಯಲ್ಲಿ ಚಿಕ್ಕ ಗಾಜಿನ ಸೀಸೆಗಳ ಪೆಟ್ಟಿಗೆ.

ಎಲ್ಫ್ರೀಡ ಎದ್ದು ನಿಂತಳು.

"ಅದನ್ನೆಲ್ಲ ಒಳಗಿಡಿ," ಎಂದಳು. "ಪವಾಡ ಏನೂ ಇಲ್ಲ. ಇವಳು ರಮಾಮಣಿ. ನನ್ನ ಗೋಡೆ ಕೆಡಿಸಿದವಳು ಇವಳೇ. ಅರಿಶಿನ ಹಚ್ಚಿದಳು, ಕೇಳಿದರೆ ಸುಳ್ಳು ಹೇಳಿದಳು. ನನಗೆ ಮೋಸ ಮಾಡಿದಳು."

ಕಪ್ಪು ಕೋಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಾದರ್ ಕಾಲಿನ್ಸರ ಭುಜ ಇಳಿದುಹೋಯಿತು. ಚರ್ಚಿನ ಗತಿ ಮುಗಿಯಿತೆಂದು ಅವರಿಗೆ ಅಲ್ಲೇ ಗೊತ್ತಾಗಿರಬೇಕು.

"ಇನ್ನೊಂದು ಬರೆದುಕೊಳ್ಳಿ," ಎಂದಳು ಎಲ್ಫ್ರೀಡ. "ಐವತ್ತು ವರ್ಷದಲ್ಲಿ ಎಷ್ಟೋ ಜನ ನನ್ನ ಚಿತ್ರ ಚೆನ್ನಾಗಿದೆ ಅಂದಿದಾರೆ. ನಾನು ಬರೆದ ಪಾದ ನಿಜವಾದ ಪಾದ ಅಂತ ನಂಬಿ ಬಗ್ಗಿದವಳು ಇವಳೊಬ್ಬಳೇ. ನಾನೂ ನಂಬಿರಲಿಲ್ಲ."

ರಮಾಮಣಿ ತಲೆ ಎತ್ತಿದಳು. ಎಲ್ಫ್ರೀಡ ಅವಳ ಕಡೆ ತಿರುಗಲಿಲ್ಲ.

ಆಮೇಲೆ ರಮಾಮಣಿ ಅವರಿಗೆ ಮೊದಲಿನಿಂದ ಎಲ್ಲ ಹೇಳಿದಳು, ಹೆಸರು ಬರೆಸಿದಳು, ಅವರು ಕೇಳಿದ್ದಕ್ಕೆಲ್ಲ ಹೌದು ಎಂದಳು. ಮುಗಿದ ಮೇಲೆ ಎಂದಿನಂತೆ ಎಲ್ಫ್ರೀಡಳ ಸಾಮಾನಿನ ಚೀಲ ಎತ್ತಿಕೊಂಡು, "ಹೋಗೋಣವಾ?" ಎಂದು ಕೇಳಿದಳು.

"ನನ್ನನ್ನು ಫಾದರ್ ಬಿಡ್ತಾರೆ," ಎಂದಳು ಎಲ್ಫ್ರೀಡ. "ನೀನು ಹೋಗು."

ರಮಾಮಣಿ ಹೊರಗೆ ಬಂದು ಗಾಡಿಯಲ್ಲಿ ಕುಳಿತಳು. ಕೈ ಇನ್ನೂ ಕೆಂಪಾಗಿತ್ತು, ಸ್ಟಿಯರಿಂಗ್‌ಗೆಲ್ಲ ಹತ್ತಿತು. ಪಕ್ಕದ ಸೀಟಿನ ಬೆಲ್ಟು ಹಾಕಿಲ್ಲ ಎಂದು ಗಾಡಿ ಕೂಗಿಕೊಂಡಿತು. ಎಲ್ಫ್ರೀಡಳ ಸಾಮಾನಿನ ಚೀಲವನ್ನು ರಮಾಮಣಿ ಮರೆತು ಆ ಸೀಟಿನ ಮೇಲೆ ಇಟ್ಟುಬಿಟ್ಟಿದ್ದಳು. ಅದನ್ನು ವಾಪಸು ಕೊಡಲು ಮತ್ತೆ ಒಳಗೆ ಹೋಗಬೇಕು. ಅವಳು ಬಾಗಿಲಿಗೆ ಕೈ ಹಾಕಿ, ಧೈರ್ಯ ಸಾಲದೆ, ಅಲ್ಲೇ ಕುಳಿತು ಗಟ್ಟಿಯಾಗಿ ಅತ್ತಳು.